ಶಿಶುಚಿತ್ರವೂ ಸ್ವಭಾವೋಕ್ತಿಯೂ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳೆಯ ಮನೆಗಳಿಗೆ ಓಲೆಯ ಕಟ್ಟುಗಳನ್ನರಸಿ ಹೋಗುವ ಅಭ್ಯಾಸವುಳ್ಳ ನನಗೆ, ಮನೆಯವರು ಕಟ್ಟನ್ನು ಅಟ್ಟದಿಂದ ಇಳಿಸುವವರೆಗೆ ಪಡಸಾಲೆಯ ಗೋಡೆಯ ಕಪ್ಪು-ಬಿಳುಪಿನ ಶಿಶುಚಿತ್ರಗಳನ್ನು ನೋಡುತ್ತ ಕುಳಿತಿರುವುದು ವಾಡಿಕೆಯಾಗಿದೆ. ಅವುಗಳಲ್ಲಿ ಬಹುಪಾಲು ಒಂದೇ ಎರಕದವು: ಬಣ್ಣಬಳಿದ ಪರದೆ, ಅದರಲ್ಲಿ ಅರಮನೆಯ ಮೆಟ್ಟಿಲು, ಮುಂದೊಂದು ಕುರ್ಚಿ, ಅದರ ಮೇಲೆ ಬೆದರಿದ ಕೂಸು. ಸವಣೂರಿನ ಮಠದ ಆವರಣದಲ್ಲಿ ದೊಡ್ಡಹುಣಸೆಯೆಂದು ಜನರು ಕರೆವ ಆಫ್ರಿಕಾ ಮೂಲದ ಮೂರು ಮಹಾವೃಕ್ಷಗಳಿವೆಯಷ್ಟೆ. ಅವುಗಳಲ್ಲೊಂದು 2023ರ ಮಳೆಗಾಲದಲ್ಲಿ ಬುಡಮೇಲಾಗಿ, ಮರಳಿ ನೆಡಲ್ಪಟ್ಟಿತು. ಆ ಮರದ ಬುಡದಲ್ಲಿ ಆಡಿ ಬೆಳೆದವರ ಬಾಲ್ಯಚಿತ್ರಗಳಲ್ಲಿಯೂ ನಾನು ಕಂಡುದು ಪರದೆಯ ಅರಮನೆಯನ್ನೇ ಹೊರತು ಮರವನ್ನಲ್ಲ.

ಇದಕ್ಕೆ ಮೂಲಕಾರಣವು ಯಂತ್ರದ್ದು. ಮೊದಲ ಕಾಲದ ಗಾಜಿನ ಫಲಕಗಳು ಬೆಳಕನ್ನು ನಿಧಾನವಾಗಿ ಗ್ರಹಿಸುತ್ತಿದ್ದುದರಿಂದ ಶಿಶುವು ಅಲುಗದಿರಬೇಕಾಗಿದ್ದಿತು. ಯೂರೋಪಿನಲ್ಲಿ ತಾಯಿಯನ್ನು ಬಟ್ಟೆಯಿಂದ ಮರೆಮಾಡಿ, ಅವಳ ಮಡಿಲಲ್ಲಿ ಕೂಸನ್ನು ಹಿಡಿಸಿ ಚಿತ್ರ ತೆಗೆದುದೂ ಉಂಟು. 1925ರಲ್ಲಿ ಲೈಕಾ ಎಂಬ ಕೈಕ್ಯಾಮೆರಾ ಮಾರುಕಟ್ಟೆಗೆ ಬಂದ ಬಳಿಕ ಈ ನಿರ್ಬಂಧವು ಕ್ರಮೇಣ ಸಡಿಲಿತು. ಕಾರಣವು ಹೋದರೂ ರೂಢಿಯು ಹೋಗಲಿಲ್ಲ. 1970ರ ದಶಕದ ನನ್ನದೇ ಚಿತ್ರವೊಂದರಲ್ಲಿ ನಾನು ಬೇರೆಯವರ ಕೋಟನ್ನು ತೊಟ್ಟು ಉಸಿರು ಬಿಗಿಹಿಡಿದು ನಿಂತಿದ್ದೇನೆ. ಅದನ್ನು ನೋಡಿದವರಾರೂ ನನ್ನನ್ನು ಗುರುತಿಸಿದುದಿಲ್ಲ.

ಇಂತಹ ಚಿತ್ರಗಳ ಗುಣದೋಷವಿಚಾರಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಅಳತೆಗೋಲುಂಟೆಂದು ನನ್ನ ಅಲ್ಪಮತಿಗೆ ತೋರುತ್ತದೆ. ದಂಡಿಯು ಅಲಂಕಾರಗಳಲ್ಲಿ ಮೊದಲನೆಯದೆಂದು ಗಣಿಸಿದ ಸ್ವಭಾವೋಕ್ತಿಗೆ ಲಕ್ಷಣ ಹೇಳುತ್ತ ಉದ್ಭಟನು, ಮೃಗ, ಡಿಂಭ ಮೊದಲಾದವುಗಳು ಕ್ರಿಯೆಯಲ್ಲಿ ತೊಡಗಿರುವಾಗಿನ ಲೀಲೆಯ ನಿಬಂಧನವೆಂದನು. ರುದ್ರಟನು ಇದನ್ನೇ ಜಾತಿಯೆಂದು ಕರೆದು, ಶಿಶುಗಳೇ ಮೊದಲಾದವರ ಕಾಲಾವಸ್ಥೆಗಳಿಗೆ ಉಚಿತವಾದ ಚೇಷ್ಟೆಗಳಲ್ಲಿ ಅದು ವಿಶೇಷವಾಗಿ ರಮ್ಯವೆಂದನು. ‘ಕ್ರಿಯೆಯಲ್ಲಿ ತೊಡಗಿದ’ ಎಂಬ ವಿಶೇಷಣದ ಮೇಲೆ ಓದುಗರು ಲಕ್ಷ್ಯವಿಡಬೇಕು. ಶಾಕುಂತಲದ ಏಳನೆಯ ಅಂಕದಲ್ಲಿ ಸರ್ವದಮನನು ಸಿಂಹದ ಮರಿಯ ಹಲ್ಲನ್ನೆಣಿಸಲು ಹೊರಟಿರುವನು. ದುಷ್ಯಂತನು ಮರೆಯಲ್ಲಿ ನಿಂತು ನೋಡುವನು. ಬಾಲಕನು ತನ್ನ ಮಗನೆಂಬ ಅರಿವು ಹುಟ್ಟುವುದಕ್ಕೆ ಮುನ್ನವೇ ವಾತ್ಸಲ್ಯವು ಹುಟ್ಟಿತು. ರಾಜನು ಮುಂದೆ ಬಂದು ‘ನೆಟ್ಟಗೆ ನಿಲ್ಲು’ ಎಂದಿದ್ದರೆ ಆ ರಸವೆಲ್ಲಿ!

ಇಲ್ಲಿ ಒಂದು ಆಕ್ಷೇಪವುಂಟು. ಸ್ವಭಾವವು ಅಲಂಕರಿಸಲ್ಪಡುವ ವಸ್ತು, ಅದೇ ಅಲಂಕಾರವಾಗಲಾರದೆಂದು ಕುಂತಕನು ವಾದಿಸಿದನು. ಎದುರಿದ್ದುದನ್ನೆಲ್ಲ ನುಂಗುವ ಯಂತ್ರಕ್ಕಂತೂ ಪ್ರತಿಭೆಯೆಲ್ಲಿಯದು? ಮಹಿಮಭಟ್ಟನು ಕೊಟ್ಟ ಸಮಾಧಾನವು ನಮಗೂ ಸಲ್ಲುತ್ತದೆ. ವಸ್ತುವಿಗೆ ಸಾಮಾನ್ಯವೆಂದೂ ವಿಶಿಷ್ಟವೆಂದೂ ಎರಡು ರೂಪಗಳು. ವಿಶಿಷ್ಟವೇ ಪ್ರತಿಭೆಗೆ ಗೋಚರ. ಕುರ್ಚಿಯ ಮೇಲಣದು ‘ಒಂದು ಮಗು’. ತನ್ನ ಅಂಗಳದಲ್ಲಿ, ತನ್ನ ಕೆಲಸದಲ್ಲಿ ಮೈಮರೆತುದು ‘ಈ ಮಗು’. ಆ ಕ್ಷಣವನ್ನು ಆರಿಸಿದವನು ಮನುಷ್ಯನೇ ಹೊರತು ಯಂತ್ರವಲ್ಲ.

ಕನ್ನಡನಾಡಿನಲ್ಲಿ ಇದಕ್ಕೆ ಲಕ್ಷ್ಯವನ್ನು ಅರಸುವವರು ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಬೇಕು. ಸಾಮಾನ್ಯ ಜನರ ದಿನನಿತ್ಯದ ಬಾಳೇ ಅವರ ಮುಖ್ಯ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಾರ್ಯಾಲಯದಲ್ಲಿ ಪ್ರದರ್ಶಿತವಾದುವು. ಪರೋಪಕಾರಕ್ಕಾಗಿ ತೆಗೆವ ಶಿಶುಚಿತ್ರಗಳಿಗೆ ಒಂದು ಅಪಾಯವು ತಪ್ಪದು: ಮಗುವು ಮಗುವಾಗಿರದೆ ದಾರಿದ್ರ್ಯದ ಚಿಹ್ನೆಯಾಗುವುದು, ನೋಡುವವನು ತನ್ನ ಕರುಣೆಯನ್ನು ತಾನೇ ಮೆಚ್ಚಿಕೊಳ್ಳುವುದು. ಪರದೆಯ ಅರಮನೆಗೂ ಇದಕ್ಕೂ ನಾನು ಹೆಚ್ಚಿನ ಭೇದವನ್ನು ಕಾಣೆ. ಎರಡರಲ್ಲಿಯೂ ಶಿಶುವು ಅನ್ಯರ ವೇಷವನ್ನು ಹೊತ್ತಿದೆ. ಸತ್ಯನ್ನರ ಮಕ್ಕಳಾದರೋ ನಮ್ಮ ಕನಿಕರವನ್ನು ಕಾದು ನಿಂತವರಲ್ಲ.

ವರ್ಣವಿಲ್ಲದಿರುವುದು ನ್ಯೂನತೆಯಲ್ಲವೇ ಎನ್ನುವವರು ವಿಷ್ಣುಧರ್ಮೋತ್ತರದ ಚಿತ್ರಸೂತ್ರವನ್ನು ನೋಡಬಹುದು. ಆಚಾರ್ಯರು ರೇಖೆಯನ್ನೂ ವಿಚಕ್ಷಣರು ನೆಳಲು-ಬೆಳಕಿನ ವರ್ತನೆಯನ್ನೂ ಹೊಗಳುವರು. ವರ್ಣಾಢ್ಯತೆಯನ್ನು ಬಯಸುವವರು ಇತರರೆಂದು ಅಲ್ಲಿದೆ. ಕಪ್ಪು-ಬಿಳುಪು ಮೊದಲಿನ ಎರಡನ್ನು ಉಳಿಸಿಕೊಂಡಿದೆ.

ಹಿರೇಕೆರೂರು ತಾಲೂಕಿನ ಒಂದು ಮನೆಯಲ್ಲಿ ಓಲೆಯ ಕಟ್ಟಿನೊಡನೆ ಪೆಟ್ಟಿಗೆಯ ತಳದಿಂದ ಒಂದು ಚಿಕ್ಕ ಚಿತ್ರವು ಹೊರಬಿದ್ದಿತು. ಐದಾರು ವರುಷದ ಹುಡುಗಿಯು ಬೆಳಕಿಂಡಿಯ ಕೆಳಗೆ ಕುಳಿತು ಶೇಂಗಾ ಸುಲಿಯುತ್ತಿದ್ದಾಳೆ. ಕಣ್ಣು ಮೊರದ ಮೇಲಿದೆ. ಬಲಗೈ ಅಲುಗಿ ಹೊಗೆಯಂತೆ ಮಸುಕಾಗಿದೆ. ಇದು ಗೋಡೆಯ ಮೇಲೇಕಿಲ್ಲವೆಂದು ಕೇಳಿದೆನು. ‘ಅದು ಕೆಟ್ಟೈತ್ರೀ, ಕೂಸು ಕೈ ಅಳ್ಳಾಡಿಸ್ಯಾಳ’ ಎಂದು ಮನೆಯ ಹಿರಿಯರು ಅದನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟರು.