ಉಂಗುರವಿಲ್ಲದ ಶಾಕುಂತಲ: ‘ಬೊರುಟೊ: ಟೂ ಬ್ಲೂ ವೋರ್ಟೆಕ್ಸ್’ನ ಮೊದಲ ಸಂಪುಟ

ಕಿಶಿಮೊಟೊ ಕಥೆ, ಇಕೆಮೊಟೊ ಚಿತ್ರ ಇರುವ ಈ ನಿಂಜಾ ಮಾಂಗಾ 2023ರಲ್ಲಿ ಶುರುವಾಗಿ ಇನ್ನೂ ನಡೀತಿದೆ. ‘ನರುಟೊ’ದ ಮುಂದಿನ ತಲೆಮಾರಿನ ಕಥೆ. ಕಾಳಗಕ್ಕೇನೂ ಕೊರತೆಯಿಲ್ಲ, ಆದ್ರೆ ನಾನು ಮಾತಾಡಬೇಕೆಂದಿರೋದು ನೆನಪಿನ ಬಗ್ಗೆ.

ಏಡಾ ಎಂಬವಳ ಶಕ್ತಿಯಿಂದ ಜನರ ನೆನಪೇ ಅದಲುಬದಲಾಗಿದೆ. ಊರಿನ ಮುಖ್ಯಸ್ಥನ, ಅಂದರೆ ಹೊಕಾಗೆಯ, ಮಗ ಬೊರುಟೊ ಈಗ ಪಿತೃಹಂತಕನಲ್ಲ, ಬರೀ ಹೊರಗಿನ ಕೊಲೆಗಾರ. ಹೊರಗಿಂದ ಬಂದ ಕವಾಕಿಯೇ ಮನೆಮಗ. ನಿಜ ನೆನಪಿರುವ ಕೆಲವೇ ಜನರಲ್ಲಿ ಸರದಾ ಒಬ್ಬಳು. ಬೊರುಟೊನನ್ನು ಕೊಲ್ಲುವ ಆಜ್ಞೆ ಹಿಂತೆಗೆಯಿರಿ ಅಂತ ಎಂಟನೆಯ ಹೊಕಾಗೆ ಶಿಕಮರು ಎದುರು ಬೇಡಿಕೊಳ್ತಾಳೆ. ಕೈಯಲ್ಲಿ ಪುರಾವೆಯಿಲ್ಲ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲದಲ್ಲಿ ದೊರೆಯ ಮರೆವು ಕಳೆಯೋಕೆ ಉಂಗುರವಾದರೂ ಇತ್ತು. ಇಲ್ಲಿ ಊರಿಗೆ ಊರೇ ಸುಳ್ಳನ್ನು ಪ್ರಾಮಾಣಿಕವಾಗಿ ನೆನಪಿಟ್ಟುಕೊಂಡಿದೆ. ಯಾರನ್ನೂ ಸುಳ್ಳುಗಾರ ಅನ್ನೋ ಹಾಗೂ ಇಲ್ಲ.

ಬೇಸರ ಏನಂದ್ರೆ, ನಡುವಿನ ವರ್ಷಗಳನ್ನು ಸರದಾ ಹೇಗೆ ಕಳೆದಳು ಅನ್ನೋದನ್ನ ಕೃತಿ ಹಾರಿಸಿಬಿಡುತ್ತೆ. ಬೊರುಟೊ ಕತ್ತಿ ಹಿಡಿದು ಮೇಲಂಗಿ ಬೀಸುತ್ತಾ ಬರುವ ಗತ್ತಿಗೆ (ಚಿತ್ರ ಚೆಂದವೇ, ಒಪ್ಪೋಣ) ಸಿಕ್ಕಷ್ಟು ಜಾಗ ಅವಳ ಒಂಟಿತನಕ್ಕೆ ಸಿಕ್ಕಿಲ್ಲ. ಶತ್ರುಗಳ ಬಲ ಇನ್ನೂ ಏರುತ್ತೆ, ಏರಲಿ. ಶಿಕಮರುಗೆ ತನ್ನ ನೆನಪಿನ ಮೇಲೇ ಹುಟ್ಟುವ ಅನುಮಾನ ನನಗೆ ಯಾವ ಹೊಡೆದಾಟಕ್ಕಿಂತಲೂ ರೋಚಕ.