ಪಟಗಳಲ್ಲಿ ಅಂತರದ್ವೀಪಗಳು: ಅಲಂಕಾರವೋ ವ್ಯಾಖ್ಯಾನವೋ?

ಎರಡೂವರೆ ದ್ವೀಪಗಳ ಪಟಗಳನ್ನು ವರ್ಣಿಸುವ ಸೂಚಿಗಳಲ್ಲಿ ಮೇರು, ಕುಲಪರ್ವತ, ಮಹಾನದಿಗಳಿಗೆ ಸಾಕಷ್ಟು ಸ್ಥಳ ದೊರೆಯುತ್ತದೆ. ಲವಣಸಮುದ್ರಕ್ಕೆ ಬಂದೊಡನೆ ವರ್ಣನೆ ಮೊಟಕಾಗುತ್ತದೆ. ಅಲ್ಲಿ ಅಶ್ವಮುಖರೋ ಲಂಬಕರ್ಣರೋ ಕಂಡರೆ ‘ಕಾಲ್ಪನಿಕ ಅಲಂಕಾರ’ ಎಂಬ ಒಂದೇ ಮಾತಿನಲ್ಲಿ ಅವರ ವಿಚಾರ ಮುಗಿಯುತ್ತದೆ. ಈ ಲೇಖಕನೂ ಹಿಂದೊಮ್ಮೆ ಹಾಗೆಯೇ ಬರೆದು ಕೈತೊಳೆದುಕೊಂಡವನು. ಅದು ತಪ್ಪೆಂದು ಈಗ ಮನಗಂಡಿರುವುದರಿಂದ ಈ ವಿಮರ್ಶೆ.

ಮೊದಲು ಪ್ರಮಾಣದ ಮಾತು. ಮನುಷ್ಯಲೋಕದ ವ್ಯಾಸ 45 ಲಕ್ಷ ಯೋಜನ. ಅದನ್ನು 45 ಅಂಗುಲದ ವೃತ್ತದಲ್ಲಿ ಯಥಾಪ್ರಮಾಣವಾಗಿ ಬರೆದರೆ ಜಂಬೂದ್ವೀಪಕ್ಕೆ 1 ಅಂಗುಲ, ಲವಣಸಮುದ್ರದ ಅಗಲಕ್ಕೆ 2 ಅಂಗುಲ ಸಲ್ಲುತ್ತದೆ. ಭರತಕ್ಷೇತ್ರದ ಅಗಲ ಅಂಗುಲದ 190ನೆಯ ಒಂದು ಭಾಗ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ದಿಕ್ಕುಗಳ ಅಂತರದ್ವೀಪಗಳಿಗೆ 100 ಯೋಜನ, ಪರ್ವತಗಳ ಕೊನೆಯಲ್ಲಿರುವವಕ್ಕೆ 25 ಯೋಜನ ವಿಸ್ತಾರ ಹೇಳಿದ್ದಾರೆ. ದೊಡ್ಡ ದ್ವೀಪವೇ ಅಂಗುಲದ ಸಾವಿರದಲ್ಲೊಂದು ಭಾಗ. ಕುಂಚದ ಒಂಟಿ ಕೂದಲಿಗೂ ಅದು ನಿಲುಕದು. ಆದುದರಿಂದ ಚಿತ್ರಕಾರನು ಪ್ರಮಾಣವನ್ನು ಬಿಟ್ಟುಕೊಟ್ಟೇ ಕೆಲಸಕ್ಕೆ ತೊಡಗುತ್ತಾನೆ. ಹಾಗಿರುವಾಗ ಸಮುದ್ರದಲ್ಲಿ ಅವನು ಒಂದು ದ್ವೀಪವನ್ನೂ ಅದರ ಮೇಲೆ ಒಬ್ಬ ಮನುಷ್ಯನನ್ನೂ ಬರೆದನೆಂದರೆ, ಅದು ಬರಿದಾದ ಜಾಗವನ್ನು ತುಂಬಲು ಬರೆದುದಲ್ಲ, ಆಯ್ದು ಬರೆದುದು.

ಹೇಗೆ ಆಯ್ದನೆಂಬುದನ್ನು ದಿಕ್ಕು ತಿಳಿಸುತ್ತದೆ. ಸರ್ವಾರ್ಥಸಿದ್ಧಿಯ ಪ್ರಕಾರ ಪೂರ್ವದಲ್ಲಿ ಏಕೋರುಕರು, ದಕ್ಷಿಣದಲ್ಲಿ ಕೊಂಬುಳ್ಳವರು, ಪಶ್ಚಿಮದಲ್ಲಿ ಬಾಲವುಳ್ಳವರು, ಉತ್ತರದಲ್ಲಿ ಅಭಾಷಕರು. ಮಾತಿಲ್ಲದಿರುವಿಕೆಯನ್ನು ಬಣ್ಣದಲ್ಲಿ ತೋರಿಸುವುದೆಂತು? ಉತ್ತರದ ದ್ವೀಪದಲ್ಲಿ ಸಾಮಾನ್ಯ ಮನುಷ್ಯನೊಬ್ಬ ಸುಮ್ಮನೆ ನಿಂತಿದ್ದರೆ ಅದನ್ನು ಚಿತ್ರಕಾರನ ಉದಾಸೀನವೆಂದು ಭಾವಿಸಲಾಗದು. ಪಾಠವನ್ನು ಬಲ್ಲವನೇ ಹಾಗೆ ಬರೆದಾನು. ಏಕೋರುಕರು ಗುಹಾವಾಸಿಗಳು, ಮೃತ್ತಿಕಾಹಾರಿಗಳು. ಉಳಿದವರು ವೃಕ್ಷವಾಸಿಗಳು, ಪುಷ್ಪಫಲಾಹಾರಿಗಳು. ಗುಹೆಯೊಂದು, ಮರವೊಂದು ಪಕ್ಕದಲ್ಲಿದ್ದರೆ ಅದನ್ನೂ ಸೂಚಿಯಲ್ಲಿ ದಾಖಲಿಸಬೇಕು.

ಇಲ್ಲಿ ಸಂಪ್ರದಾಯಭೇದವೂ ಉಂಟು. ದಿಗಂಬರ ಗಣನೆಯಲ್ಲಿ ಲವಣೋದದಲ್ಲಿ 48, ಕಾಲೋದದಲ್ಲಿ 48, ಒಟ್ಟು 96 ಕುಭೋಗಭೂಮಿಗಳು. ಶ್ವೇತಾಂಬರರಲ್ಲಿ ಹಿಮವಾನ್ ಮತ್ತು ಶಿಖರಿ ಪರ್ವತಗಳಿಂದ ಚಾಚಿದ ದಾಡೆಗಳ ಮೇಲೆ ಏಳೇಳರಂತೆ 56. ಸಂಖ್ಯೆಗಿಂತಲೂ ಅರ್ಥಭೇದ ದೊಡ್ಡದು. ಮಲಯಗಿರಿಯಂತಹ ಶ್ವೇತಾಂಬರ ವ್ಯಾಖ್ಯಾನಕಾರರು ಏಕೋರುಕ ಮೊದಲಾದವು ದ್ವೀಪಗಳ ಹೆಸರೆಂದೂ, ಪಾಂಚಾಲದವನನ್ನು ಪಾಂಚಾಲನೆನ್ನುವಂತೆ ಅಲ್ಲಿಯವರಿಗೆ ಆ ಹೆಸರೆಂದೂ, ಅವರು ಸರ್ವಾಂಗಸುಂದರರೆಂದೂ ಹೇಳುತ್ತಾರೆ. ಪೂಜ್ಯಪಾದರ ಪರಂಪರೆಯೂ ನೇಮಿಚಂದ್ರರ ತ್ರಿಲೋಕಸಾರವೂ ಹೆಸರನ್ನು ಆಕೃತಿಯಾಗಿಯೇ ಗ್ರಹಿಸುತ್ತವೆ. ಆದಕಾರಣ ಪಟದಲ್ಲಿ ಕುದುರೆಮುಖ ಕಂಡರೆ ಅದು ಒಂದು ಪಕ್ಷವನ್ನು ಹಿಡಿದ ವ್ಯಾಖ್ಯಾನವೇ ಸರಿ. ಶ್ವೇತಾಂಬರ ಪಟದಲ್ಲಿ ಅದು ಕಂಡರಂತೂ ವಿಚಾರ ಇನ್ನಷ್ಟು ಗಹನ: ಚಿತ್ರಕಾರನು ವೃತ್ತಿಯನ್ನು ಕೇಳದೆ ಬರಿಯ ಮೂಲವನ್ನು ಕೇಳಿದನೇ?

ಪಾಶ್ಚಾತ್ಯ ಭೂಪಟಗಳೊಡನೆ ಇವನ್ನು ಹೋಲಿಸುವ ವಾಡಿಕೆಯಿದೆ. ಇಂಗ್ಲೆಂಡಿನ ಹೆರೆಫರ್ಡ್ ಕೆಥೆಡ್ರಲ್‌ನಲ್ಲಿ ಸುಮಾರು 1300ರಲ್ಲಿ ಒಂದೇ ಕರುವಿನ ಚರ್ಮದ ಮೇಲೆ ಬರೆದ ಭೂಪಟವಿದೆ. ಅದರಲ್ಲಿ ಏಕಪಾದನು ತನ್ನ ಪಾದವನ್ನೇ ಕೊಡೆಯಾಗಿ ಹಿಡಿದಿದ್ದಾನೆ, ಅವನಿರುವುದು ಇಂಡಿಯಾದಲ್ಲಿ! ಮೌರ್ಯರ ಕಾಲದ ಮೆಗಸ್ತನೀಸನು ಕಿವಿಯೊಳಗೇ ಮಲಗುವ ಜನರನ್ನು ಹೇಳಿದುದೂ ನಮ್ಮ ಕರ್ಣಪ್ರಾವರಣರನ್ನು ನೆನಪಿಗೆ ತರುತ್ತದೆ. ಹೋಲಿಕೆ ಇಷ್ಟರಮಟ್ಟಿಗೆ ಸರಿ. ಆದರೆ ಹೆರೆಫರ್ಡಿನ ಏಕಪಾದನಿರುವುದು ಕಾಲ್ನಡಿಗೆಯಿಂದ ತಲಪಬಹುದಾದ ನೆಲದಲ್ಲಿ. ಕುಭೋಗಭೂಮಿಗೆ ದಾರಿ ಕರ್ಮವೊಂದೇ. ಕುಪಾತ್ರದಾನಾದಿಗಳಿಂದ ಅಲ್ಲಿ ಯುಗಳರಾಗಿ ಜನಿಸಿ, ಒಂದು ಪಲ್ಯ ಬಾಳಿ, ಆಮೇಲೆ ದೇವಗತಿಗೆ ಸಲ್ಲುವ ಜೀವಗಳನ್ನು ವಿಕಟಪ್ರಾಣಿಗಳ ಸಾಲಿಗೆ ಸೇರಿಸುವುದು ಅನ್ಯಾಯ. ಪಟದಲ್ಲಿ ಸ್ತ್ರೀಪುರುಷರು ಜೊತೆಯಾಗಿದ್ದಾರೆಯೇ, ಒಂಟಿಯಾಗಿದ್ದಾರೆಯೇ ಎಂಬುದನ್ನು ಇದಕ್ಕಾಗಿಯೇ ನೋಡಬೇಕು.

ನನ್ನ ಹಳೆಯ ನಮೂದಿನಲ್ಲಿ ‘ಅಲಂಕಾರ’ ಎಂಬ ಪದವನ್ನು ಹೊಡೆದುಹಾಕಿ, ದಿಕ್ಕು, ಆಕೃತಿ, ಆವಾಸ, ಸಂಖ್ಯೆ, ಯುಗಳ ಎಂಬ ಐದು ಅಂಶಗಳನ್ನು ಬರೆದಿಟ್ಟಿದ್ದೇನೆ.