38 ಮಿಲಿಮೀಟರಿನ ಭಯ

ನಾದಿ ಮೆತ್ತುವ ಪುಟ್ಟಿಯಲ್ಲಿ ಮೊದಲ ಸಲ ಏಲಿಯನ್ನಿನ ಪುಟ್ಟ ಗೊಂಬೆ ಮಾಡಲು ಕೂತವರು ಸಾಮಾನ್ಯವಾಗಿ ಹಲ್ಲಿಗೇ ಮೊದಲು ಕೈ ಹಾಕುತ್ತಾರೆ. ಹಲ್ಲಾದ ಮೇಲೆ ಇನ್ನಷ್ಟು ಹಲ್ಲು, ಆಮೇಲೆ ಆರೇಳು ಕಣ್ಣು, ಜಾಗ ಉಳಿದರೆ ಬೆನ್ನ ಮೇಲೊಂದು ಸಾಲು ಮುಳ್ಳು. ಕೊನೆಗೆ ಕೈಗೆ ಬರುವುದು ಜಾತ್ರೆಯಲ್ಲಿ ಮಾರುವ ಮುಖವಾಡದಂಥ ಒಂದು ಗೊಂಬೆ. ನೋಡಿದವರಿಗೆ ನಗು ಬರುತ್ತದೆ, ಮೈ ಜುಮ್ಮೆನ್ನುವುದಿಲ್ಲ.

ಸ್ವಿಟ್ಜರ್ಲೆಂಡಿನ ಕಲಾವಿದ ಎಚ್.ಆರ್. ಗೀಗರ್ ಹೋದ ದಾರಿ ಇದಕ್ಕೆ ಪೂರ್ತಿ ಉಲ್ಟಾ. 1979ರಲ್ಲಿ ತೆರೆಕಂಡ ರಿಡ್ಲಿ ಸ್ಕಾಟ್ ಅವರ ‘ಏಲಿಯನ್’ ಚಿತ್ರದ ಜೀವಿಗೆ ಮೂಲ ಗೀಗರ್ 1976ರಲ್ಲಿ ಬರೆದ ‘ನೆಕ್ರೋನಾಮ್ 4’ ಎಂಬ ವರ್ಣಚಿತ್ರ. ಆ ಚಿತ್ರದಲ್ಲಿದ್ದ ದೊಡ್ಡ ಕಪ್ಪು ಕಣ್ಣುಗಳು ತೆರೆಗೆ ಬರುವ ಹೊತ್ತಿಗೆ ಮಾಯವಾದವು. ಕಣ್ಣೇ ಇಲ್ಲದ ಪ್ರಾಣಿ ಎತ್ತ ನೋಡುತ್ತಿದೆ, ನಮ್ಮನ್ನು ಕಂಡಿತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಇನ್ನೊಂದು ಉಪಾಯವೂ ಇತ್ತು. ಆ ಉದ್ದ ತಲೆಯ ಪಾರದರ್ಶಕ ಗುಮ್ಮಟದ ಕೆಳಗೆ, ಮುಂಭಾಗದಲ್ಲಿ, ಮನುಷ್ಯನ ತಲೆಬುರುಡೆಯ ಆಕಾರವನ್ನು ಅಡಗಿಸಿದ್ದರು. ಪ್ರೇಕ್ಷಕನ ಕಣ್ಣಿಗೆ ಅದು ನೇರವಾಗಿ ಬೀಳುವುದಿಲ್ಲ. ಆದರೂ ಎಲ್ಲೋ ನೋಡಿದ ಮುಖ ಎಂಬ ಅನುಮಾನ ಬಿಡುವುದೂ ಇಲ್ಲ.

ಲಂಡನ್ ಸಮೀಪದ ಶೆಪರ್ಟನ್ ಸ್ಟುಡಿಯೋದಲ್ಲಿ ಗೀಗರ್ ಈ ಜೀವಿಯನ್ನು ಪ್ಲಾಸ್ಟಿಸಿನ್‌ನಲ್ಲಿ ಕಟ್ಟುವಾಗ ಹಾವಿನ ಬೆನ್ನುಮೂಳೆಯ ತುಣುಕು, ಪ್ರಾಣಿಗಳ ಎಲುಬು, ಸುತ್ತುಗೆರೆಯ ಕೊಳವೆಗಳನ್ನು ಅದರೊಳಗೆ ಸೇರಿಸಿದರು. ತಲೆಯ ಯಂತ್ರಭಾಗ ಇಟಲಿಯ ಕಾರ್ಲೊ ರಂಬಾಲ್ಡಿ ಅವರದು. ವೇಷದೊಳಗೆ ನಿಂತದ್ದು ಆರಡಿ ಹತ್ತು ಅಂಗುಲ ಎತ್ತರದ, ಕಡ್ಡಿಯಂಥ ಕಾಲುಗಳ ನೈಜೀರಿಯಾದ ಯುವಕ ಬೊಲಾಜಿ ಬಡೇಜೊ. ವೇಷ ಸೇರಿ ಸುಮಾರು ಏಳಡಿ ಎನ್ನೋಣ. ಮೇಜಿನ ಮೇಲಾಡುವ ಆಟಗಳ ಮಿನಿಯೇಚರ್ ಗೊಂಬೆಗಳಲ್ಲಿ ಬಳಕೆಯಲ್ಲಿರುವ 28 ಮಿಲಿಮೀಟರ್ ಅಳತೆಗೆ, ಅಂದರೆ ಹೆಚ್ಚುಕಡಿಮೆ 1:56ಕ್ಕೆ ಇಳಿಸಿದರೆ ಈ ಏಳಡಿ 38 ಮಿಲಿಮೀಟರ್ ಆಗುತ್ತದೆ. ಕಿರುಬೆರಳಿನಷ್ಟೂ ಉದ್ದವಿಲ್ಲ. ಹೆದರಿಕೆಯನ್ನು ಇಷ್ಟರಲ್ಲೇ ತುಂಬಬೇಕು.

ಇದಕ್ಕೆ ಒದಗುವ ವಸ್ತು ಎಪಾಕ್ಸಿ ಪುಟ್ಟಿ. ಹವ್ಯಾಸಿಗಳ ಬಾಯಲ್ಲಿ ‘ಗ್ರೀನ್ ಸ್ಟಫ್’ ಆಗಿರುವುದರ ಅಸಲಿ ಹೆಸರು ನೀಡಟೈಟ್. ನೀಲಿ ಮತ್ತು ಹಳದಿ ಪಟ್ಟಿಗಳು ಪಕ್ಕಪಕ್ಕ ಅಂಟಿಕೊಂಡ ರಿಬ್ಬನ್ನಿನ ರೂಪದಲ್ಲಿ ಸಿಗುತ್ತದೆ. ಸಮಸಮ ಕತ್ತರಿಸಿ, ಬೆರಳಲ್ಲಿ ನಾದಿ, ಎಲ್ಲೂ ಗೆರೆ ಉಳಿಯದಂತೆ ಹಸಿರಾಗಿಸಬೇಕು. ಎರಡೂ ಬಣ್ಣ ಸೇರುವ ಅಂಚಿನಲ್ಲಿ ಮಾತ್ರ ಎಚ್ಚರ. ಅಲ್ಲಿ ಪ್ಯಾಕಿನೊಳಗೇ ಪುಟ್ಟಿ ಗಟ್ಟಿಯಾಗಿ ಸಣ್ಣ ಹರಳು ಕಟ್ಟಿರುತ್ತದೆ. ಆ ನಡುಗೆರೆಯನ್ನು ಬ್ಲೇಡಿನಿಂದ ಸೀಳಿ ಎಸೆಯದಿದ್ದರೆ, ನುಣುಪಾಗಿ ತೀಡಿದ ತಲೆಯ ಮೇಲೆ ಕೊನೇ ಗಳಿಗೆಯಲ್ಲಿ ಒಂದು ಗುಳ್ಳೆ ಏಳುವುದು ಖಂಡಿತ. ಹಳದಿ ಹೆಚ್ಚಾದರೆ ಪುಟ್ಟಿ ಮೆತ್ತಗಾಗಿ ಅಂಟಂಟಾಗುತ್ತದೆ. ನೀಲಿ ತುಸು ಮುಂದಾದರೆ ಬಿರುಸಾಗಿ ಏಣುಗಳು ಚೂಪಾಗಿ ನಿಲ್ಲುತ್ತವೆ. ಚರ್ಮಕ್ಕೆ ಮೊದಲನೆಯದು, ಉಗುರು ಕೋಡುಗಳಿಗೆ ಎರಡನೆಯದು.

ಇನ್ನೊಂದು ಹೆಸರು ಮಿಲಿಪುಟ್. ವೇಲ್ಸ್‌ನ ಡಾಲ್ಗೆಲ್ಲಾ ಪಟ್ಟಣದ ತಯಾರಿಕೆ. ಇದು ನೀರಿಗೆ ಕರಗುತ್ತದೆ, ಒಣಗಿದ ಮೇಲೆ ಉಜ್ಜಿದರೆ ನುಣುಪಾಗುತ್ತದೆ. ಗ್ರೀನ್ ಸ್ಟಫ್ ರಬ್ಬರಿನ ಜಾತಿ, ಎಳೆದರೆ ಹಿಂದಕ್ಕೆ ಸರಿಯುತ್ತದೆ, ಉಜ್ಜುಕಾಗದಕ್ಕೆ ಬಗ್ಗುವುದಿಲ್ಲ. ಎರಡನ್ನೂ ಅರ್ಧರ್ಧ ಬೆರೆಸುವುದು ಹಳಬರ ಅಭ್ಯಾಸ, ಅದೇ ಸರಿಯಾದ ಅಭ್ಯಾಸ ಕೂಡ.

ಕಲಾವಿದರು ಇಂಥ ಮೊಂಡು ವಸ್ತುವಿಗೆ ಕಟ್ಟುಬಿದ್ದದ್ದಕ್ಕೆ ಕಾರಣ ಲೋಹ. ಮಾದರಿಯನ್ನು ಹಸಿ ರಬ್ಬರಿನ ಎರಡು ತಟ್ಟೆಗಳ ನಡುವೆ ಇಟ್ಟು, ಪ್ರೆಸ್ಸಿನಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟು ಅಚ್ಚು ತೆಗೆಯುತ್ತಾರೆ. ಆಮೇಲೆ ಆ ಅಚ್ಚನ್ನು ತಿರುಗಿಸುತ್ತ ಅದರೊಳಗೆ ಕರಗಿದ ತವರದ ಮಿಶ್ರಲೋಹ ಸುರಿಯುತ್ತಾರೆ. ಮೇಣ, ಪ್ಲಾಸ್ಟಿಸಿನ್ ಪ್ರೆಸ್ಸಿನ ಬಿಸಿಯಲ್ಲಿ ಉಳಿಯಲಾರವು. ಗಟ್ಟಿಯಾದ ಎಪಾಕ್ಸಿ ಉಳಿಯುತ್ತದೆ, ಅದೂ ಎಷ್ಟೋ ಸಲ ಅಚ್ಚು ಬಿಡಿಸುವಾಗ ಚೂರಾಗಿಯೇ ಹೊರಬರುತ್ತದೆ.

ನಮ್ಮಲ್ಲಿ ಗ್ರೀನ್ ಸ್ಟಫ್ ತರಿಸಿಕೊಳ್ಳಬೇಕಾಗುತ್ತದೆ, ದುಬಾರಿಯೂ ಹೌದು. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಸೋರುವ ಪೈಪಿಗೆ ಮೆತ್ತುವ ಎಂ-ಸೀಲ್ ಕೂಡ ಎಪಾಕ್ಸಿ ಪುಟ್ಟಿಯೇ, ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಕಣ ಒರಟು, ಸೂಕ್ಷ್ಮ ಕೆಲಸಕ್ಕೆ ಒಗ್ಗದು. ಆದರೆ ಒಳಗಿನ ತಿರುಳಿಗೆ ಚೆನ್ನಾಗಿದೆ, ಹೊರಪದರಕ್ಕೆ ಮಾತ್ರ ದುಬಾರಿ ಪುಟ್ಟಿ ಬಳಸಿದರಾಯಿತು. ಕರಕುಶಲ ಅಂಗಡಿಗಳ ಮೋಲ್ಡ್‌ಇಟ್ ಇವೆರಡರ ನಡುವಿನದು. ಯಾವುದಾದರೂ ಸರಿ, ಹಸಿ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರಬಹುದು. ಕೈಗವಸು ಇರಲಿ. ಉಪಕರಣ ಅಂಟದಿರಲೆಂದು ನಾಲಿಗೆಗೆ ತಾಗಿಸುವ ಚಾಳಿ ಬಿಟ್ಟು ಪಕ್ಕದಲ್ಲೊಂದು ಬಟ್ಟಲು ನೀರು ಇಟ್ಟುಕೊಂಡರೆ ಕ್ಷೇಮ.

ಅಸಲಿ ಕೆಲಸ ತಂತಿಯಿಂದ ಶುರು. ಬೆನ್ನಿಗೆ ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಂತಿ, ಕೈಕಾಲಿಗೆ ಇನ್ನೂ ತೆಳ್ಳಗಿನದು, ಬಾಲಕ್ಕೆ ಎರಡೆಳೆ ಹೊಸೆದದ್ದು. ಇದನ್ನು ಕಾರ್ಕಿಗೆ ಚುಚ್ಚಿ ನಿಲ್ಲಿಸಿ ಭಂಗಿ ಬಗ್ಗಿಸಬೇಕು. ಮೇಲೆ ಎಷ್ಟು ಚೆಂದದ ಚರ್ಮ ಹೊದಿಸಿದರೂ ತಂತಿಯಲ್ಲಿ ತಪ್ಪಿದ ನಿಲುವು ಆಮೇಲೆ ಸರಿಹೋಗದು. ಸೊಂಟ ನೆಲಕ್ಕೆ ಹತ್ತಿರ, ತಲೆ ಮುಂದಕ್ಕೆ, ಭಾರವೆಲ್ಲ ಒಂದೇ ಕಾಲಿನ ಮೇಲೆ. ಹಾಗಿದ್ದರೆ ಮರುಕ್ಷಣವೇ ನೆಗೆಯುತ್ತದೆ ಎನಿಸುತ್ತದೆ. ಆಮೇಲೆ ತಂತಿಗೆ ಪುಟ್ಟಿಯ ತೆಳು ಲೇಪ ಕೊಟ್ಟು ರಾತ್ರಿಯಿಡೀ ಬಿಡಬೇಕು. ಬರಿ ತಂತಿಯ ಮೇಲೆ ಹಸಿ ಪುಟ್ಟಿ ಗಿರಗಿರ ತಿರುಗುತ್ತದೆ, ಒಣಗಿದ ಲೇಪದ ಮೇಲೆ ಕಚ್ಚಿ ಕೂರುತ್ತದೆ.

ಎದೆಗೂಡಿನ ಹತ್ತಿರ ಮಾತ್ರ ಅವಸರ ಸಲ್ಲದು. ಹಿಂದಿನ ಪದರ ಗಟ್ಟಿಯಾದ ಮೇಲೆ ಕಾಳಿನಷ್ಟು ಪುಟ್ಟಿಯನ್ನು ಪಕ್ಕೆಗೆ ಒತ್ತಿ ತೆಳ್ಳಗೆ ಹರಡಬೇಕು. ಮೊದಲ ಇಪ್ಪತ್ತು ನಿಮಿಷ ಅದು ಬರೀ ಅಂಟು, ಏನು ಕೊರೆದರೂ ಮುಚ್ಚಿಹೋಗುತ್ತದೆ. ಮುಕ್ಕಾಲು ಗಂಟೆ ದಾಟಿದಾಗ ಹದಕ್ಕೆ ಬರುತ್ತದೆ. ಆಗ ದಂತವೈದ್ಯರು ಮೇಣ ಕೆತ್ತುವ ಸಲಕರಣೆಯ ಚಪ್ಪಟೆ ತುದಿಯನ್ನು ನೀರಲ್ಲಿ ಅದ್ದಿ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಓರೆಯಾಗಿ ಒತ್ತುತ್ತ ಬರಬೇಕು. ಒತ್ತಿದಲ್ಲಿ ಹಳ್ಳ, ನಡುವೆ ಉಳಿದದ್ದು ಪಕ್ಕೆಲುಬು. ಅಂತರಗಳು ಒಂದೇ ಸಮವಿದ್ದರೆ ಬಾಚಣಿಗೆ ಎಳೆದಂತೆ ಕಾಣುತ್ತವೆ. ಕೆಳಕ್ಕೆ ಬಂದಂತೆ ಅಂತರ ಹಿಗ್ಗಿ, ಕೊನೆಯ ಎಲುಬು ಚರ್ಮದೊಳಗೆ ಕರಗಿಬಿಡಬೇಕು. ಹಸಿವಿನಿಂದ ಬಡಕಲಾದ ನಾಯಿಯ ಮೈ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂಗಾಂಗದ ಲೆಕ್ಕ ಕೈಕೊಡುವುದು ಕೈಗಳ ಸಂಖ್ಯೆ ಹೆಚ್ಚಾದಾಗ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 1989ರಲ್ಲಿ ತಂದ ‘ಸ್ಪೇಸ್ ಹಲ್ಕ್’ ಆಟದ ಜೀನ್‌ಸ್ಟೀಲರ್ ಎಂಬ ಏಲಿಯನ್‌ಗಳಿಗೆ ನಾಲ್ಕು ಕೈ. ಗೀಗರ್ ಛಾಯೆ ಅವುಗಳ ಮೇಲೆ ದಟ್ಟವಾಗಿದೆ. ಅವನ್ನು ನೋಡಿ ಮಾಡಹೊರಟವರು ಎರಡನೇ ಜೋಡಿಯನ್ನು ಪಕ್ಕೆಗೆ ಸುಮ್ಮನೆ ಅಂಟಿಸಿಬಿಡುತ್ತಾರೆ. ಎರಡನೇ ಭುಜವಿದ್ದ ಮೇಲೆ ಎರಡನೇ ಹೆಗಲೆಲುಬು ಬೇಕು, ಅದನ್ನು ಎಳೆಯುವ ಎದೆಯ ಸ್ನಾಯು ಬೇಕು, ಹಾಗಾಗಿ ಮುಂಡವೂ ಉದ್ದವಾಗಬೇಕು. ಅಂಗಗಳನ್ನು ಕೂಡಿಸುವುದು ಹೇಗೆಂದು ತಿಳಿಯಲು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಯಲ್ಲಿ ಸಾಲುಗಟ್ಟಿದ ಮಕರಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಇಲ್ಲದ ಪ್ರಾಣಿಯೇ ಆದರೂ ಒಂದು ಅಂಗ ಇನ್ನೊಂದಕ್ಕೆ ಕೂಡುವ ಜಾಗದಲ್ಲಿ ಶಿಲ್ಪಿ ಎಲ್ಲೂ ತಡವರಿಸಿಲ್ಲ. ಏಲಿಯನ್ ಮಾಡುವವರಿಗೆ ಹಾಲಿವುಡ್ ಸಿನಿಮಾಗಿಂತ ಇದು ಒಳ್ಳೆಯ ಪಾಠ.

ಗೀಗರ್ ಶೈಲಿಯ ಕೊಳವೆಗಳಿಗೆ ಸುಲಭದ ದಾರಿಯಿದೆ. ಪುಟ್ಟಿಯನ್ನು ದಾರದಂತೆ ಹೊಸೆದು ಮೇಲೆ ಒದ್ದೆ ಬಾಚಣಿಗೆಯಿಟ್ಟು ಉರುಳಿಸಿದರೆ ಉಂಗುರ ಉಂಗುರವಾಗಿ ಬರುತ್ತದೆ. ಗಿಟಾರಿನ ಸುತ್ತುತಂತಿ ತುಂಡರಿಸಿದರೆ ಅಷ್ಟು ಶ್ರಮವೂ ಬೇಡ.

ತಲೆ ಕೊನೆಗೆ. 1986ರ ‘ಏಲಿಯನ್ಸ್’ ಚಿತ್ರಕ್ಕೆ ಜೇಮ್ಸ್ ಕ್ಯಾಮರಾನ್ ಪಾರದರ್ಶಕ ಗುಮ್ಮಟವನ್ನು ತೆಗೆದು, ಏಣು ಏಣಾದ ಬರಿ ತಲೆಯನ್ನೇ ಇಟ್ಟುಕೊಂಡರು. ಅವರ ಜೀವಿಗಳು ಗೋಡೆ ಹತ್ತಬೇಕಿತ್ತು, ಓಡಬೇಕಿತ್ತು, ಗುಮ್ಮಟ ಅದಕ್ಕೆ ತಾಳಿಕೊಳ್ಳುವಂತಿರಲಿಲ್ಲ. ಪುಟ್ಟಿಯವರಿಗೂ ಈ ಏಣಿನ ತಲೆಯೇ ಅನುಕೂಲ. ಉದ್ದಕ್ಕೆ ನಾಲ್ಕು ಗೆರೆ ಎಳೆದರೆ ಬಣ್ಣ ಹಚ್ಚುವಾಗ ಬೆಳಕು ತಾನಾಗಿ ಹಿಡಿಯುತ್ತದೆ. ಹಲ್ಲುಗಳನ್ನು ಬಾಯೊಳಗೇ ಕೊರೆಯಲು ಹೋಗಬಾರದು. ಸೂಜಿಮೊನೆಯಂಥ ಚೂರುಗಳನ್ನು ಬೇರೆ ಮಾಡಿಟ್ಟು, ಒಣಗಿದ ಮೇಲೆ ಇಕ್ಕಳದಲ್ಲಿ ಹಿಡಿದು, ಹಸಿ ಒಸಡಿಗೆ ಒಂದೊಂದಾಗಿ ನಾಟಬೇಕು. ಅಲ್ಲೊಂದು ಓರೆಯಾದರೆ ಇನ್ನೂ ಒಳ್ಳೆಯದು.

ಕಂಪ್ಯೂಟರಿನಲ್ಲಿ ಝಡ್‌ಬ್ರಷ್ ತಂತ್ರಾಂಶ ಹಿಡಿದು ಕೆತ್ತಿ ರೆಸಿನ್‌ನಲ್ಲಿ ಮುದ್ರಿಸುವವರೇ ಈಗ ಹೆಚ್ಚು. ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದಿವೆ. ನಿಖರತೆಯಲ್ಲಿ ಅದನ್ನು ಮೀರಿಸಲಾಗದು, ಒಪ್ಪೋಣ. ಆದರೆ ಮುದ್ರಿಸಿದ ತೆಳು ಬಾಲ ಮೇಜಿನಿಂದ ಬಿದ್ದರೆ ಲಟಕ್ಕನೆ ಮುರಿಯುತ್ತದೆ. ತಂತಿಯ ಬಾಲ ಬಗ್ಗುತ್ತದೆ, ಮತ್ತೆ ನೆಟ್ಟಗೆ ಮಾಡಿ ಇಡಬಹುದು.

ಬಣ್ಣದ ವಿಷಯಕ್ಕೆ ಬಂದರೆ, ಪೂರ್ತಿ ಕಪ್ಪು ಬೇಡ. ನೀಲಿ ಬೆರೆತ ಕಪ್ಪು ಬಳಿದು, ಏಣುಗಳ ಮೇಲೆ ಒಣ ಕುಂಚದಿಂದ ಬೂದುಬಣ್ಣ ತೇಲಿಸಿ, ಹೊಳಪಿನ ವಾರ್ನಿಷನ್ನು ತಲೆಗೆ ಮತ್ತು ಬಾಯಿಗೆ ಮಾತ್ರ ಕೊಡಬೇಕು. ಉಳಿದ ಮೈ ಮಂಕಾಗಿಯೇ ಇರಲಿ. ಜೊಲ್ಲಿಗೆ ಪಾರದರ್ಶಕ ಅಂಟು ಸಾಕು. ಪಿನ್ನಿನ ಮೊನೆಯಲ್ಲಿ ಮುಟ್ಟಿ, ತುಸು ಕಾದು, ಮೇಲಿನ ದವಡೆಯಿಂದ ಕೆಳಗಿನದಕ್ಕೆ ಎಳೆದರೆ ಕೂದಲಿನಷ್ಟು ತೆಳು ಎಳೆ ನಿಲ್ಲುತ್ತದೆ. ಫ್ಯಾನ್ ಮಾತ್ರ ಆಫ್ ಆಗಿರಬೇಕು.